ನೀರಿಲ್ಲದ ಸುರಂಗ

ಸೋಲು, ಛಲ, ಗುರಿ ಎಂಬ ಮಾತುಗಳು ಬಂದೊಡನೆ ಶಾಲೆಯ ಸಭೆಗಳಲ್ಲಿ ಭಾಷಣಕಾರರು ಬಲು ದೂರದವರನ್ನು ಕರೆತರುವುದು ವಾಡಿಕೆ. ಅಮೆರಿಕೆಯ ಎಡಿಸನ್ ಬಂದೇ ಬರುತ್ತಾನೆ. ವಿದ್ಯುದ್ದೀಪಕ್ಕಾಗಿ ಆತ ಸಾವಿರ ಸಲ ಸೋತನೆಂದು ಒಬ್ಬರು ಹೇಳಿದರೆ ಹತ್ತು ಸಾವಿರ ಸಲವೆಂದು ಇನ್ನೊಬ್ಬರು ಹೇಳುತ್ತಾರೆ. ಸ್ಕಾಟ್ಲೆಂಡಿನ ಅರಸನ ಮುಂದೆ ಬಲೆ ನೇಯ್ದ ಜೇಡವೂ ತಪ್ಪದೆ ಹಾಜರಾಗುತ್ತದೆ. ಕೇಳಿ ಕೇಳಿ ಮಕ್ಕಳಿಗೆ ಇವೆಲ್ಲ ಬಾಯಿಪಾಠವಾಗಿವೆ. ಚಪ್ಪಾಳೆ ತಟ್ಟಿ ಎದ್ದುಹೋದ ಮೇಲೆ, ಕಡಿಮೆ ಅಂಕ ಬಂದ ಗಣಿತದ ಉತ್ತರ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಏನು ಮಾಡಬೇಕೆಂಬುದು ಮಾತ್ರ ಯಾರಿಗೂ ತಿಳಿದಂತೆ ಕಾಣುವುದಿಲ್ಲ. ಆದುದರಿಂದ ಈ ಲೇಖನದಲ್ಲಿ ಅವರನ್ನೆಲ್ಲ ಅವರವರ ಊರಿನಲ್ಲಿಯೇ ಬಿಟ್ಟು, ನಮ್ಮ ಮನೆಗಳ ಹಿಂದಿರುವ ಗುಡ್ಡದ ಕಡೆಗೆ ಹೋಗೋಣ. ಕೈಗೂಡದ ಕೆಲಸವನ್ನು ಹೇಗೆ ಬಿಡಬೇಕು, ಬಿಟ್ಟ ಮೇಲೆಯೂ ಗುರಿಯನ್ನು ಹೇಗೆ ಹಿಡಿದಿರಬೇಕು ಎಂಬುದನ್ನು ಬಲ್ಲವರು ಅಲ್ಲಿದ್ದಾರೆ. ಅವರು ಸುರಂಗ ಕೊರೆಯುವವರು.

ಕಾಸರಗೋಡು ಜಿಲ್ಲೆಯ ಬಾಯಾರು, ಎಣ್ಮಕಜೆ ಮುಂತಾದ ಕಡೆಗಳಲ್ಲಿಯೂ ಗಡಿಯಾಚೆ ಬಂಟ್ವಾಳ ತಾಲೂಕಿನ ಮಾಣಿಲ, ಕೇಪು ಗ್ರಾಮಗಳಲ್ಲಿಯೂ ಗುಡ್ಡದ ಮಗ್ಗುಲಲ್ಲಿ ಆಳೆತ್ತರದ ಕಿರಿದಾದ ಕಂಡಿಗಳನ್ನು ನೀವು ನೋಡಿರಬಹುದು. ಪರವೂರಿನಿಂದ ಬಂದವರು ಯಾವನೋ ಋಷಿ ತಪಸ್ಸು ಮಾಡಿದ ಗುಹೆಯಿರಬೇಕೆಂದು ಕೈಮುಗಿದರೂ ಮುಗಿದಾರು. ಅವು ನೀರಿನ ಸುರಂಗಗಳು. ಬಾವಿಯನ್ನು ಕೆಳಮುಖವಾಗಿ ತೋಡುತ್ತೇವೆ. ಸುರಂಗವನ್ನು ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆಯುತ್ತೇವೆ. ಒಬ್ಬ ಮನುಷ್ಯ ಒಳಹೊಕ್ಕು ಪಿಕ್ಕಾಸು ಬೀಸಲು ಬೇಕಾದಷ್ಟೇ ಜಾಗ. ಎತ್ತರ ಸುಮಾರು 6 ಅಡಿ, ಅಗಲ 2 ಅಡಿಗೆ ಸ್ವಲ್ಪ ಹೆಚ್ಚು. ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುವುದು ಇಲ್ಲಿನ ಪದ್ಧತಿ. ಒಂದು ಕೋಲು ಎಂದರೆ ಹೆಚ್ಚುಕಡಿಮೆ ಎರಡೂವರೆ ಅಡಿ. ಹತ್ತು ಕೋಲಿಗೇ ನೀರು ಕೊಟ್ಟ ಸುರಂಗಗಳುಂಟು, ನೂರು ಕೋಲು ಹೋದವೂ ಉಂಟು. ಇದಕ್ಕೆ ಕರೆಂಟು ಬೇಡ, ಪಂಪು ಬೇಡ, ಹಗ್ಗ ಕೊಡಪಾನವೂ ಬೇಡ. ಒಳಗೆ ಒಸರಿದ ನೀರು ಇಳಿಜಾರಿನಲ್ಲಿ ತಾನಾಗಿಯೇ ಹೊರಬಂದು, ಅಡಿಕೆ ಮರದ ದಂಬೆಯಲ್ಲಿಯೋ ಪೈಪಿನಲ್ಲಿಯೋ ಹರಿದು, ತೋಟದ ಮೇಲ್ಗಡೆಯ ಟಾಂಕಿಯನ್ನು ತುಂಬುತ್ತದೆ. ಇರಾನ್ ದೇಶದಲ್ಲಿ ಕನಾತ್ ಎಂಬ ಹೆಸರಿನ ನೆಲದಡಿಯ ಕಾಲುವೆಗಳಿವೆ. ನಮ್ಮ ಸುರಂಗಕ್ಕೂ ಅವಕ್ಕೂ ನಂಟು ಉಂಟೋ ಇಲ್ಲವೋ ಎಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಸುರಿಯುತ್ತದೆ. ಹಾಗಿದ್ದೂ ಮಾರ್ಚ್ ತಿಂಗಳು ಬಂತೆಂದರೆ ಗುಡ್ಡದ ಮೇಲಿನ ಮನೆಗಳಲ್ಲಿ ನೀರಿನ ಚಿಂತೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದು, ಕಡಿದಾದ ಇಳಿಜಾರಿನಲ್ಲಿ ಓಡಿ, ತೋಡು ಹೊಳೆಗಳನ್ನು ಸೇರಿ ಕಡಲಿಗೆ ಹೋಗುತ್ತದೆ. ಉಳಿದ ಪಾಲು ಮುರಕಲ್ಲಿನ ಸಣ್ಣ ಸಣ್ಣ ತೂತುಗಳ ಮೂಲಕ ನೆಲದೊಳಗೆ ಇಂಗುತ್ತದೆ. ಹೀಗೆ ಇಳಿದ ನೀರು ಅಡಿಯಲ್ಲಿ ಶೇಡಿ ಮಣ್ಣಿನ ಪದರವನ್ನೋ ಕರಿಕಲ್ಲನ್ನೋ ಮುಟ್ಟಿದಾಗ ಇನ್ನೂ ಕೆಳಗೆ ಹೋಗಲು ದಾರಿಯಿಲ್ಲದೆ ಅದರ ಮೇಲ್ಮೈಯನ್ನು ಹಿಡಿದು ಅಡ್ಡಕ್ಕೆ ಸರಿಯುತ್ತದೆ. ಆ ಸರಿಯುವ ನೀರಿನ ದಾರಿಯನ್ನು ಸುರಂಗ ಹೋಗಿ ಸೇರಿದರೆ ಕೆಲಸ ಕೈಗೂಡಿತು. ಅದಕ್ಕಿಂತ ಮೇಲಿನ ಮಟ್ಟದಲ್ಲಿ ಕೊರೆದರೆ ಎಷ್ಟು ದೂರ ಹೋದರೂ ಒಣಮಣ್ಣೇ ಗತಿ. ಕೆಳಗಿನ ಮಟ್ಟದಲ್ಲಿ ಕೊರೆದರೆ ಶಿಲೆ ಅಡ್ಡ ಬಂದೀತು. ನೀರು ಸಿಕ್ಕಿದರೂ ತೋಟಕ್ಕಿಂತ ತಗ್ಗಿನಲ್ಲಿ ಸಿಕ್ಕಿ ಉಪಯೋಗಕ್ಕೆ ಬಾರದೆ ಹೋದೀತು.

ಆ ಮಟ್ಟ ಎಲ್ಲಿದೆಯೆಂಬುದು ಹೊರಗಿನಿಂದ ಕಾಣುವುದಿಲ್ಲ. ಅನುಭವಸ್ಥರು ಕೆಲವು ಗುರುತುಗಳನ್ನು ನೋಡುತ್ತಾರೆ. ಧೂಪದ ಮರ, ಬಸರಿ ಮರ, ಉಪ್ಪಳಿಗೆ ಮರಗಳು ಇರುವ ಜಾಗ, ಹುತ್ತ ಎದ್ದ ಜಾಗ, ನೆರೆಮನೆಯ ಬಾವಿಯ ನೀರಿನ ಮಟ್ಟ, ಗುಡ್ಡದ ಓರೆ ಎಲ್ಲವನ್ನೂ ಕೂಡಿಸಿ ಕಳೆದು ಒಂದು ಜಾಗವನ್ನು ಗೊತ್ತುಮಾಡುತ್ತಾರೆ. ಎಷ್ಟು ಲೆಕ್ಕ ಹಾಕಿದರೂ ಅದು ಊಹೆಯೇ. ಎಷ್ಟೋ ಸುರಂಗಗಳಲ್ಲಿ ನೀರು ಬರುವುದಿಲ್ಲ. ಈ ಕೆಲಸಕ್ಕೆ ಕೈ ಹಾಕುವವನು ಆ ಸಂಗತಿಯನ್ನು ಮೊದಲ ಬುಟ್ಟಿ ಮಣ್ಣು ಎತ್ತುವುದಕ್ಕೆ ಮುಂಚೆಯೇ ಒಪ್ಪಿಕೊಂಡಿರುತ್ತಾನೆ.

ಒಂದು ಒಣ ಸುರಂಗದ ಬೆಲೆ ಎಷ್ಟೆಂದು ನಾವೇ ಲೆಕ್ಕ ಮಾಡಬಹುದು. ಇಪ್ಪತ್ತು ಕೋಲು ಎಂದರೆ 50 ಅಡಿ. ಎತ್ತರ 6 ಅಡಿ, ಅಗಲ 2 ಅಡಿ ಎಂದಿಟ್ಟುಕೊಂಡರೆ 600 ಘನ ಅಡಿ ಮಣ್ಣು. ತೂಕದಲ್ಲಿ ಸುಮಾರು 30 ಟನ್. ಇಷ್ಟನ್ನೂ ಪಿಕ್ಕಾಸಿನಿಂದ ಕೆತ್ತಿ, ಬುಟ್ಟಿಯಲ್ಲಿ ತುಂಬಿ, ಮೈ ತಿರುಗಿಸಲು ಎಡೆಯಿಲ್ಲದ ಕತ್ತಲೆಯಿಂದ ಹೊರಗೆ ತಂದು ಸುರಿಯಬೇಕು. ಇಷ್ಟೆಲ್ಲ ಆದ ಮೇಲೆ ನೀರಿಲ್ಲ ಎಂದರೆ ಮನಸ್ಸಿಗೆ ಏನಾದೀತು ಎಂಬುದನ್ನು ಬರೆದು ತಿಳಿಸಬೇಕಾಗಿಲ್ಲ.

ಸುರಂಗ ಕೈಕೊಟ್ಟಿತು ಎಂದು ನಾವು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಕೊರೆಯುವವನು ಹಾಗೆ ಮುಗಿಸುವಂತಿಲ್ಲ. ಮರುದಿನ ಬೆಳಿಗ್ಗೆ ಪಿಕ್ಕಾಸನ್ನು ಎಲ್ಲಿ ಊರಬೇಕೆಂಬುದು ಅದು ಹೇಗೆ ಕೈಕೊಟ್ಟಿತು ಎಂಬುದನ್ನು ಹೊಂದಿಕೊಂಡಿದೆ. ಕೆಲವೊಮ್ಮೆ ಹತ್ತು ಹದಿನೈದು ಕೋಲು ಹೋದ ಮೇಲೆ ಕರಿಕಲ್ಲು ಎದುರಾಗುತ್ತದೆ. ಪಿಕ್ಕಾಸು ಬಿದ್ದಲ್ಲಿ ಕಿಡಿ ಹಾರುತ್ತದೆಯೇ ಹೊರತು ಮಣ್ಣು ಬೀಳುವುದಿಲ್ಲ. ಆಗ ಆತ ಇಡೀ ಸುರಂಗವನ್ನು ಬಿಟ್ಟುಬಿಡುವುದಿಲ್ಲ. ಸ್ವಲ್ಪ ಹಿಂದಕ್ಕೆ ಬಂದು ಎಡಕ್ಕೋ ಬಲಕ್ಕೋ ಒಂದು ಕವಲು ತೆಗೆಯುತ್ತಾನೆ. ಇಂಥ ಕವಲುಗಳಿರುವ ಸುರಂಗಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೆಲವೊಮ್ಮೆ ಕಲ್ಲೂ ಇಲ್ಲ, ನೀರೂ ಇಲ್ಲ, ಉಸಿರಾಡುವ ಗಾಳಿಯೇ ಸಾಲದಾಗುತ್ತದೆ. ಅದನ್ನು ತಿಳಿಯಲು ಕೊರೆಯುವವರು ಬಳಿಯಲ್ಲಿ ಮೇಣದ ಬತ್ತಿಯನ್ನೋ ದೀಪವನ್ನೋ ಉರಿಸಿಟ್ಟುಕೊಳ್ಳುತ್ತಾರೆ. ಉರಿ ಕುಗ್ಗಿತೆಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಹೊರಗೆ ಬರಬೇಕು. ಮೇಲಿನಿಂದ ಗಾಳಿಗಾಗಿ ಒಂದು ಕಂಡಿಯನ್ನು ಇಳಿಸಿದರೆ ಅದೇ ಸುರಂಗವನ್ನು ಮುಂದುವರಿಸಬಹುದು. ಇಲ್ಲಿ ತಪ್ಪು ಸುರಂಗದ್ದೂ ಅಲ್ಲ, ಕೊರೆಯುವವನದೂ ಅಲ್ಲ.

ಮುರಕಲ್ಲಿನ ಗಟ್ಟಿ ಪದರ ಮುಗಿದು ಸಡಿಲ ಮಣ್ಣು ಸಿಕ್ಕಿದರೆ ಮಾತ್ರ ಸಂಗತಿ ಬೇರೆ. ಮೇಲ್ಭಾಗ ಕುಸಿಯುವ ಭಯ. ಅಂಥಲ್ಲಿ ಛಲ ತೋರಿಸಿದವನು ಜೀವವನ್ನೇ ಕಳೆದುಕೊಂಡಾನು. ಬಲ್ಲವನು ಆ ಬಾಯಿಯನ್ನು ಹಾಗೆಯೇ ಬಿಟ್ಟು, ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋಗಿ ಹೊಸದಾಗಿ ಸುರುಮಾಡುತ್ತಾನೆ. ಹೀಗೆ ಬಿಟ್ಟದ್ದಕ್ಕಾಗಿ ಅವನನ್ನು ಹೇಡಿ ಎಂದು ಯಾರೂ ಕರೆಯುವುದಿಲ್ಲ.

ಎಲ್ಲಕ್ಕಿಂತ ಕಷ್ಟವಾದುದು ಸುಮ್ಮನೆ ಒಣಗಿರುವ ಸುರಂಗ. ಅಡ್ಡಿಯೂ ಇಲ್ಲ, ಅಪಾಯವೂ ಇಲ್ಲ. ನೀರು ಮಾತ್ರ ಇಲ್ಲ. ಮುಂದುವರಿಸಬೇಕೋ ನಿಲ್ಲಿಸಬೇಕೋ? ಇದನ್ನು ತೀರ್ಮಾನಿಸಲು ಆತ ಮಣ್ಣನ್ನು ಕೇಳುತ್ತಾನೆ. ಐದು ಕೋಲಿನ ಹಿಂದೆ ತೆಗೆದ ಮಣ್ಣಿಗಿಂತ ಇಂದಿನ ಮಣ್ಣು ತಂಪಾಗಿದೆಯೇ? ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತದೆಯೇ, ಪುಡಿಯಾಗಿ ಉದುರುತ್ತದೆಯೇ? ಬಣ್ಣ ಬದಲಾಗಿದೆಯೇ? ಗೋಡೆಯಲ್ಲಿ ಪಸೆ ಕಾಣುತ್ತದೆಯೇ? ತಂಪು ಏರುತ್ತ ಬಂದಿದ್ದರೆ ಇನ್ನಷ್ಟು ಕೊರೆಯುವುದು ನ್ಯಾಯ. ಐದು ಕೋಲು, ಹತ್ತು ಕೋಲು ಹೋದರೂ ಏನೊಂದೂ ಬದಲಾಗದಿದ್ದರೆ ಬಿಡುವುದು ನ್ಯಾಯ. ಗಮನಿಸಿ: ಇದುವರೆಗೆ ಎಷ್ಟು ಬೆವರು ಸುರಿದಿದೆ, ಎಷ್ಟು ದಿನ ಹೋಗಿದೆ ಎಂಬುದು ಈ ತೀರ್ಮಾನದಲ್ಲಿ ಬರುವುದೇ ಇಲ್ಲ. ಸುರಿದ ಬೆವರಿಗೆ ನೀರನ್ನು ಹತ್ತಿರಕ್ಕೆ ಎಳೆದು ತರುವ ಶಕ್ತಿಯಿಲ್ಲ. ಇಷ್ಟು ಕೊರೆದಿದ್ದೇನಲ್ಲ, ಇನ್ನು ಬಿಡುವುದು ಹೇಗೆ ಎಂಬ ಒಂದೇ ಕಾರಣಕ್ಕಾಗಿ ಕೊರೆಯುತ್ತಲೇ ಹೋದವನ ಕೆಲಸವನ್ನು ಸಾಹಸವೆನ್ನಲು ನನಗೆ ಮನಸ್ಸು ಬಾರದು.

ಇನ್ನೊಂದು ಬಗೆಯೂ ಉಂಟು. ದೀಪಾವಳಿಗೆ ತುಂಬಿ ಹರಿದು ಶಿವರಾತ್ರಿಗೆ ಬತ್ತುವ ಸುರಂಗ. ಅದನ್ನು ಇನ್ನಷ್ಟು ಒಳಗೆ ಒಯ್ಯುವುದು ಒಂದು ದಾರಿ. ಮತ್ತೊಂದು ದಾರಿಯೆಂದರೆ ಸುರಂಗವನ್ನು ಮುಟ್ಟದೆ ಗುಡ್ಡದ ತಲೆಗೆ ಹೋಗಿ ಇಂಗುಗುಂಡಿಗಳನ್ನು ತೋಡುವುದು. ಮಳೆನೀರು ಓಡಿಹೋಗದೆ ಅಲ್ಲಿ ನಿಂತು ಇಂಗಿದರೆ ಕೆಳಗಿನ ಸುರಂಗದ ಒರತೆ ಹೆಚ್ಚು ದಿನ ಉಳಿಯುತ್ತದೆ. ಕೆಳಗೆ ಕಂಡ ಕೊರತೆಗೆ ಮದ್ದು ಮೇಲೆ ಇರುವುದುಂಟು.

ಇಷ್ಟನ್ನು ತಿಳಿದುಕೊಂಡ ಮೇಲೆ ಅಮೈ ಮಹಾಲಿಂಗ ನಾಯ್ಕರ ವಿಷಯ ನಮಗೆ ಚೆನ್ನಾಗಿ ಅರ್ಥವಾದೀತು. ಕೇರಳದ ಗಡಿಗೆ ತಾಗಿಕೊಂಡಂತಿರುವ ಅಡ್ಯನಡ್ಕದ ಬಳಿ, ಕೇಪು ಗ್ರಾಮದಲ್ಲಿ ಅವರ ಮನೆ. ಅಡಿಕೆ, ತೆಂಗಿನ ಮರಗಳನ್ನು ಹತ್ತಿ ಕೂಲಿ ಮಾಡಿ ಬದುಕುತ್ತಿದ್ದವರು. 1978ರಲ್ಲಿ ಜಮೀನಿನ ಯಜಮಾನರು ಅವರಿಗೆ ಎರಡು ಎಕ್ರೆ ಜಾಗ ಕೊಟ್ಟರು. ಜಾಗವೇನೋ ಸಿಕ್ಕಿತು, ಆದರೆ ಅದು ಗುಡ್ಡದ ಓರೆಯ ಬೋಳು ನೆಲ, ಒಂದು ಹನಿ ನೀರಿಲ್ಲ. ಅಡಿಕೆ ತೋಟ ಮಾಡಬೇಕೆಂಬುದು ಅವರ ಆಸೆ. ಬಾವಿ ತೋಡಿಸಲು ಹಣವಿಲ್ಲ, ತೋಡಿದರೂ ನೀರೆತ್ತುವ ಸೌಕರ್ಯವಿಲ್ಲ. ಉಳಿದದ್ದು ಸುರಂಗ ಒಂದೇ. ಹಗಲೆಲ್ಲ ಕೂಲಿ ಕೆಲಸ, ಅದು ಮುಗಿದ ಮೇಲೆ ಬುಡ್ಡಿ ದೀಪದ ಬೆಳಕಿನಲ್ಲಿ ತಾವೊಬ್ಬರೇ ಸುರಂಗದ ಕೆಲಸ. ಅಗೆಯುವವರೂ ಅವರೇ, ಮಣ್ಣು ಹೊರುವವರೂ ಅವರೇ.

ಮೊದಲಿನ ಸುರಂಗದಲ್ಲಿ ನೀರು ಬರಲಿಲ್ಲ. ಬೇರೆಡೆ ಇನ್ನೊಂದನ್ನು ಕೊರೆದರು, ಅದರಲ್ಲಿಯೂ ಬರಲಿಲ್ಲ. ಹೀಗೆ ಒಂದರ ಹಿಂದೆ ಒಂದರಂತೆ ಹಲವು ಸುರಂಗಗಳು ಒಣಗಿಯೇ ಉಳಿದವು, ವರ್ಷಗಳೇ ಸಂದವು. ನೋಡಿದವರು ನಕ್ಕರು. ಕೂಲಿಗೆ ಹೋದರೆ ನಾಲ್ಕು ಕಾಸಾದರೂ ಸಿಕ್ಕೀತು, ಇದೇನು ಹುಚ್ಚು ಎಂದು ಕೇಳುವವರಿಗೆ ನಮ್ಮ ಊರುಗಳಲ್ಲಿ ಎಂದೂ ಕೊರತೆಯಿಲ್ಲವಷ್ಟೆ. ಕಡೆಗೆ ಒಂದು ಸುರಂಗದಲ್ಲಿ ನೀರು ಒಸರಿತು. ಆ ನೀರಿನಿಂದ ಬೋಳುಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆ, ಕರಿಮೆಣಸು ಎಲ್ಲ ಎದ್ದವು. ಮಣ್ಣು ಕೊಚ್ಚಿಹೋಗದಂತೆ ಕಲ್ಲು ಹೊತ್ತು ತಂದು ಕಟ್ಟೆಗಳನ್ನು ಕಟ್ಟಿದರು, ಮಳೆನೀರು ಇಂಗಲು ಗುಂಡಿಗಳನ್ನು ತೋಡಿದರು. 2022ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಮಹಾಲಿಂಗ ನಾಯ್ಕರನ್ನು ಹೊಗಳುವವರು ಅವರ ಛಲವನ್ನೇ ಎತ್ತಿ ಹೇಳುತ್ತಾರೆ. ಛಲವಿತ್ತು ನಿಜ. ಆದರೆ ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುವುದು ಅವರ ಬಿಡುವ ಶಕ್ತಿ. ಮೊದಲನೆಯ ಸುರಂಗಕ್ಕೆ ಎಷ್ಟೋ ರಾತ್ರಿಗಳ ನಿದ್ದೆಯನ್ನು ಕೊಟ್ಟಿದ್ದರು. ಅದನ್ನೇ ಅಪ್ಪಿಕೊಂಡು ಕುಳಿತಿದ್ದರೆ ತೋಟ ಏಳುತ್ತಿರಲಿಲ್ಲ. ಅದನ್ನು ಬಿಡುವಾಗ, ನನ್ನ ಹಣೆಯಲ್ಲಿ ನೀರು ಬರೆದಿಲ್ಲ ಎಂದು ಪಿಕ್ಕಾಸನ್ನೂ ಬಿಟ್ಟಿದ್ದರೆ ಆಗಲೂ ಏಳುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದುದು ನೀರು. ಸುರಂಗ ಅದಕ್ಕೊಂದು ದಾರಿ. ಈ ಎರಡನ್ನೂ ಬೇರೆ ಬೇರೆಯಾಗಿ ಮನಸ್ಸಿನಲ್ಲಿ ಇಟ್ಟುಕೊಂಡವನು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬಲ್ಲ. ಸೇರಿಸಿ ಗಂಟುಹಾಕಿದವನಿಗೆ ಎರಡನ್ನೂ ಹಿಡಿಯುವುದು, ಇಲ್ಲವೆ ಎರಡನ್ನೂ ಬಿಡುವುದು, ಇಷ್ಟೇ ದಾರಿ.

ಪಿಕ್ಕಾಸು ಬುಟ್ಟಿಗಳ ಈ ವಿದ್ಯೆ ಹಳ್ಳಿಯ ಮಟ್ಟಿಗೆ ಸರಿ, ದೊಡ್ಡ ಕೆಲಸಗಳಿಗೆ ಹೊಂದೀತೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ 2ರ ಇಳಿನೌಕೆ ಚಂದ್ರನ ನೆಲಕ್ಕೆ ಸ್ವಲ್ಪವೇ ಎತ್ತರದಲ್ಲಿದ್ದಾಗ ಸಂಪರ್ಕ ಕಡಿದುಕೊಂಡು ಅಪ್ಪಳಿಸಿತಷ್ಟೆ. ಬೆಂಗಳೂರಿನಲ್ಲಿ ಅಂದು ಕಣ್ಣೀರು ಹಾಕಿದ್ದನ್ನು ಎಲ್ಲರೂ ನೋಡಿದ್ದಾರೆ. ತರುವಾಯ ನಡೆದುದನ್ನು ನೋಡಿದವರು ಕಡಿಮೆ. ವಿಜ್ಞಾನಿಗಳು ನೌಕೆ ಕಳುಹಿಸಿದ್ದ ಅಂಕಿ ಅಂಶಗಳನ್ನು ಹರಡಿಕೊಂಡು ಕುಳಿತರು. ವೇಗ ತಗ್ಗಿಸಬೇಕಾದ ಯಂತ್ರಗಳು ಎಣಿಸಿದ್ದಕ್ಕಿಂತ ಹೆಚ್ಚು ಬಲದಿಂದ ನೂಕಿದವು. ಅದರಿಂದ ಸಣ್ಣ ಸಣ್ಣ ತಪ್ಪುಗಳು ಒಟ್ಟುಗೂಡುತ್ತ ಹೋದವು. ಅವನ್ನು ತಿದ್ದಿಕೊಳ್ಳಲು ನೌಕೆ ಬೇಗಬೇಗನೆ ತಿರುಗಬೇಕಾಗಿತ್ತು, ಆದರೆ ಅಷ್ಟು ಬೇಗ ತಿರುಗಲು ಅದಕ್ಕೆ ಅಪ್ಪಣೆಯಿರಲಿಲ್ಲ. ಇಳಿಯಲು ಗೊತ್ತುಮಾಡಿದ್ದ ಜಾಗವೋ ಬಹಳ ಚಿಕ್ಕದು. ಹೀಗೆ ಬಿಡಿಸಿಟ್ಟ ಮೇಲೆ ಒಂದೊಂದಕ್ಕೂ ಮದ್ದು ಹುಡುಕಿದರು. ಐದು ಯಂತ್ರಗಳಿದ್ದಲ್ಲಿ ನಾಲ್ಕನ್ನು ಇಟ್ಟರು, ಕಾಲುಗಳನ್ನು ಬಲಪಡಿಸಿದರು, ಇಂಧನ ಹೆಚ್ಚಿಸಿದರು, ಇಳಿಯುವ ಜಾಗವನ್ನು ಸುಮಾರು 4 ಕಿಲೋಮೀಟರು ಉದ್ದ, ಎರಡೂವರೆ ಕಿಲೋಮೀಟರು ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ 3 ಮೆಲ್ಲನೆ ಇಳಿಯಿತು. ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. 2019ರಲ್ಲಿ ಬಿದ್ದುದು ಇಳಿನೌಕೆ ಮಾತ್ರ. ಚಂದ್ರನನ್ನು ಸುತ್ತುವ ನೌಕೆ ಸುತ್ತುತ್ತಲೇ ಇತ್ತು. ಎರಡನೆಯ ಸಲ ಅಂಥ ಇನ್ನೊಂದನ್ನು ಕಳುಹಿಸಲಿಲ್ಲ, ಹಳೆಯದರ ಸಹಾಯವನ್ನೇ ಪಡೆದರು. ಸೋತಿತೆಂದು ಊರೆಲ್ಲ ಹೇಳಿದ ಪ್ರಯತ್ನದಲ್ಲಿ ಸೋಲದೆ ಉಳಿದ ಭಾಗವೊಂದಿತ್ತು. ಅದನ್ನು ಯಾರೂ ಎಸೆದಿರಲಿಲ್ಲ. ಕರಿಕಲ್ಲು ಅಡ್ಡ ಬಂದಾಗ ಹತ್ತು ಕೋಲು ಸುರಂಗವನ್ನು ಉಳಿಸಿಕೊಂಡು ಕವಲು ತೆಗೆಯುವವನೂ ಮಾಡುವುದು ಇದನ್ನೇ.

ಇನ್ನು ಉತ್ತರ ಪತ್ರಿಕೆಯ ವಿಷಯ. ಪರೀಕ್ಷೆಯ ಪತ್ರಿಕೆಗಳನ್ನು ತಿರುಗಿ ಕೊಟ್ಟ ದಿನ ತರಗತಿಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಒಳ್ಳೆಯ ಅಂಕ ಬಂದವರು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತಾರೆ, ಅರ್ಧ ಅಂಕಕ್ಕಾಗಿ ಮೇಜಿನ ಬಳಿಗೆ ಬರುತ್ತಾರೆ. ಕಡಿಮೆ ಬಂದವರು ಮೂಲೆಯಲ್ಲಿ ಬರೆದ ಅಂಕವನ್ನೊಮ್ಮೆ ನೋಡಿ, ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳಕ್ಕೆ ತಳ್ಳಿಬಿಡುತ್ತಾರೆ. ಮರೆಯುವುದಕ್ಕಾಗಿ ಹಾಗೆ ಮಾಡುತ್ತಾರೆ, ಮರೆಯುವುದೇನೋ ಸಾಧ್ಯವಾಗುವುದಿಲ್ಲ. ಮೂಲೆಯ ಅಂಕ ಮನಸ್ಸಿನಲ್ಲಿ ಉಳಿಯುತ್ತದೆ, ಒಳಗಿನ ಹಾಳೆಗಳು ಉಳಿಯುವುದಿಲ್ಲ. ಅಂಕದಿಂದ ಕಲಿಯತಕ್ಕದ್ದು ಏನೂ ಇಲ್ಲ. ಕಲಿಯತಕ್ಕದ್ದೆಲ್ಲ ಇರುವುದು ಒಳಗಿನ ಹಾಳೆಗಳಲ್ಲಿ, ಕೆಂಪು ಶಾಯಿ ಬಿದ್ದಲ್ಲಿ.

ಆ ಹಾಳೆಗಳನ್ನು ಬಿಡಿಸಿ ನೋಡಿದರೆ ಒಂದೇ ಅಂಕ ಪಡೆದ ನಾಲ್ವರ ಸಂಗತಿ ನಾಲ್ಕು ಬಗೆಯದ್ದಾಗಿರುತ್ತದೆ. ಒಬ್ಬನಿಗೆ ಲೆಕ್ಕದ ದಾರಿ ಗೊತ್ತಿದೆ, ನಡುವೆ ಕೂಡುವ ಕಳೆಯುವಲ್ಲಿ ಎಡವಿದ್ದಾನೆ. ಅವನ ಮಣ್ಣು ತಂಪಾಗುತ್ತ ಬಂದಿದೆ. ಅದೇ ಸುರಂಗವನ್ನು ಇನ್ನು ಕೆಲವು ಕೋಲು ಕೊರೆದರೆ ಸಾಕು. ಇನ್ನೊಬ್ಬಳ ಮನೆಯಲ್ಲಿ ಪರೀಕ್ಷೆಯ ವಾರವೇ ಕಾಯಿಲೆ, ಆಸ್ಪತ್ರೆ. ಅವಳಿಗೆ ಸಾಲದೆ ಹೋದುದು ಗಾಳಿ. ಗಾಳಿಗೆ ದಾರಿ ಮಾಡಿಕೊಡಬೇಕಾದವರು ಮನೆಯವರೂ ನಾವೂ. ಅವಳನ್ನು ದಡ್ಡಿ ಎಂದು ಕರೆಯುವುದು ಅನ್ಯಾಯ. ಮೂರನೆಯವನು ಹತ್ತನೆಯ ತರಗತಿಯ ಬೀಜಗಣಿತವನ್ನು ಎಷ್ಟು ಸಲ ಓದಿದರೂ ತಲೆಗೆ ಹತ್ತದೆಂದು ಅಳುತ್ತಾನೆ. ಪತ್ರಿಕೆಯನ್ನು ನೋಡಿದರೆ ತಪ್ಪಿರುವುದು ಬೀಜಗಣಿತದಲ್ಲಿ ಅಲ್ಲ, ಆರನೆಯ ತರಗತಿಯ ಭಿನ್ನರಾಶಿಯಲ್ಲಿ. ಅಂದು ಸುರಿದ ಪಾಠ ಇಂಗದೆ ಓಡಿಹೋಗಿದೆ. ಈಗ ಅವನು ಗುಡ್ಡದ ತಲೆಗೆ ಹೋಗಿ ಗುಂಡಿ ತೋಡಬೇಕು, ಎಂದರೆ ಆರನೆಯ ತರಗತಿಯ ಪುಸ್ತಕ ಹಿಡಿದು ಹದಿನೈದು ದಿನ ಕೂರಬೇಕು. ಹತ್ತನೆಯಲ್ಲಿದ್ದುಕೊಂಡು ಆರನೆಯ ಪುಸ್ತಕ ಹಿಡಿಯಲು ನಾಚಿಕೆ ಎಂದರೆ ನಾಚಿಕೆಯೊಂದೇ ಉಳಿದೀತು.

ನಾಲ್ಕನೆಯವರು ನಮ್ಮ ಶಾಲೆಯಿಂದ ಹೊರಗೆ ಹೋದ ಮೇಲೆ ಕಾಣಸಿಗುತ್ತಾರೆ. ಹತ್ತರವರೆಗೆ ಎಲ್ಲವನ್ನೂ ಕನ್ನಡದಲ್ಲಿ ಓದಿ, ಒಳ್ಳೆಯ ಅಂಕದಲ್ಲಿ ತೇರ್ಗಡೆಯಾಗಿ, ಪ್ಲಸ್ ವನ್‌ನಲ್ಲಿ ವಿಜ್ಞಾನಕ್ಕೆ ಸೇರುತ್ತಾರೆ. ಅಲ್ಲಿ ಪಾಠಪುಸ್ತಕ ಇಂಗ್ಲಿಷಿನಲ್ಲಿ, ಸಹಪಾಠಿಗಳ ಮಾತು ಮಲಯಾಳದಲ್ಲಿ. ಮೊದಲ ಪರೀಕ್ಷೆಯಲ್ಲಿಯೇ ಸೋತು, ನನಗೆ ವಿಜ್ಞಾನ ಬರುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಇಂಥವರನ್ನು ಗಡಿನಾಡಿನ ಕನ್ನಡ ಶಾಲೆಗಳ ಅಧ್ಯಾಪಕರೆಲ್ಲರೂ ಕಂಡಿದ್ದಾರೆ. ದ್ಯುತಿಸಂಶ್ಲೇಷಣೆಯನ್ನು ಕನ್ನಡದಲ್ಲಿ ಚಿತ್ರ ಬಿಡಿಸಿ ವಿವರಿಸುತ್ತಿದ್ದ ಹುಡುಗಿಗೆ ಅದೇ ವಿಷಯ ಇನ್ನೊಂದು ಹೆಸರಿನಲ್ಲಿ ಬಂದಾಗ ಗುರುತು ಸಿಕ್ಕಲಿಲ್ಲ, ಅಷ್ಟೆ. ಇದು ಕರಿಕಲ್ಲು ಅಡ್ಡ ಬಂದ ಸುರಂಗ. ಅವಳು ಹತ್ತು ವರ್ಷ ಕೊರೆದುದು ಎಲ್ಲಿಗೂ ಹೋಗಿಲ್ಲ. ಪಕ್ಕಕ್ಕೊಂದು ಕವಲು ಬೇಕು: ದಿನಕ್ಕೆ ಹತ್ತು ಪಾರಿಭಾಷಿಕ ಪದಗಳನ್ನು ಕನ್ನಡ ಒಂದು ಕಡೆ, ಇಂಗ್ಲಿಷ್ ಒಂದು ಕಡೆ ಬರೆದುಕೊಂಡು ಕಲಿತರೆ ಮೂರು ತಿಂಗಳಿಗೆ ಒಂಬೈನೂರು ಪದಗಳಾಗುತ್ತವೆ. ಕನ್ನಡದಲ್ಲಿ ಓದಿದ್ದೇ ತಪ್ಪಾಯಿತು ಎಂದು ಹೇಳುವ ನೆಂಟರಿಷ್ಟರು ಆ ಹೊತ್ತಿಗೆ ಬಂದೇ ಬರುತ್ತಾರೆ. ಮಹಾಲಿಂಗ ನಾಯ್ಕರ ಸುರಂಗದ ಬಾಯಿಯಲ್ಲಿ ನಿಂತು ನಕ್ಕವರ ಸಾಲಿನಲ್ಲಿ ಅವರಿಗೂ ಒಂದು ಜಾಗ ಕೊಟ್ಟು, ನಮ್ಮ ಕೆಲಸಕ್ಕೆ ನಾವು ಹೋಗಬಹುದು.

ಸಡಿಲ ಮಣ್ಣಿನ ಸುರಂಗವೂ ಇಲ್ಲದಿಲ್ಲ. ತನಗೆ ಒಗ್ಗದ ವಿಷಯವನ್ನು ಮನೆಯವರ ಆಸೆಗಾಗಿ ತೆಗೆದುಕೊಂಡು, ಒಂದೆರಡು ವರ್ಷ ಕಳೆದ ಮೇಲೆ, ಇಷ್ಟು ದುಡ್ಡು ಹೋಗಿದೆಯಲ್ಲ ಎಂಬ ಭಯದಿಂದ ಬಿಡಲಾರದೆ ಒಳಗೊಳಗೇ ಕುಸಿಯುತ್ತಿರುವ ಮಕ್ಕಳಿದ್ದಾರೆ. ಫಲಿತಾಂಶ ಹೊರಬೀಳುವ ವಾರ ದಿನಪತ್ರಿಕೆ ತೆರೆಯುವಾಗ ನಮ್ಮಂಥವರ ಕೈ ನಡುಗುವುದು ಅಂಥವರನ್ನು ನೆನೆದು. ಆ ಮಕ್ಕಳ ತಂದೆತಾಯಿಗಳಿಗೆ ಈ ಪತ್ರಿಕೆ ತಲುಪುವುದಾದರೆ ಹೇಳಬೇಕಾದುದು ಇಷ್ಟೆ: ಆ ಬಾಯಿಯನ್ನು ಮುಚ್ಚಿ ಇನ್ನೊಂದು ಮಗ್ಗುಲಿಗೆ ಹೋಗಲು ಮಗುವಿಗೆ ನಿಮ್ಮ ಅಪ್ಪಣೆ ಬೇಕಾಗಿದೆ, ಅದನ್ನು ಬಾಯಿಬಿಟ್ಟು ಕೊಡಿ. ಮನಸ್ಸಿನಲ್ಲಿ ಕೊಟ್ಟರೆ ಮಗುವಿಗೆ ಕೇಳಿಸುವುದಿಲ್ಲ. ರೋಗಿಗಳ ಸೇವೆ ಮಾಡಬೇಕೆಂಬ ಆಸೆಯುಳ್ಳವನಿಗೆ ವೈದ್ಯಕೀಯ ಪ್ರವೇಶ ಪರೀಕ್ಷೆ ಒಂದು ಸುರಂಗ. ದಾದಿಯ ಕೆಲಸ, ಪ್ರಯೋಗಾಲಯದ ಕೆಲಸ, ಔಷಧ ಶಾಸ್ತ್ರ ಇವೂ ಅದೇ ಗುಡ್ಡದಲ್ಲಿವೆ.

ಎಸ್.ಎಸ್.ಎಲ್.ಸಿ.ಯಲ್ಲಿ ಒಂದೆರಡು ವಿಷಯಗಳಲ್ಲಿ ಹಿಂದೆ ಬಿದ್ದವರಿಗೆ ಕೇರಳದಲ್ಲಿ ಅದೇ ವರ್ಷ ಮತ್ತೆ ಬರೆಯಲು ಸೇ ಪರೀಕ್ಷೆಯ ಸೌಕರ್ಯವುಂಟು. ಅದಕ್ಕೆ ಕೂರುವವರು ಮೊದಲ ವಾರದಲ್ಲಿ ಪುಸ್ತಕವನ್ನು ಮೊದಲ ಪುಟದಿಂದ ಓದಲು ತೊಡಗಬೇಡಿ. ಮಾದರಿ ಪರೀಕ್ಷೆಯ ಹಳೆಯ ಉತ್ತರ ಪತ್ರಿಕೆ ಚೀಲದ ತಳದಲ್ಲಿದ್ದರೆ ಹೊರಗೆ ತೆಗೆಯಿರಿ. ಪ್ರತಿಯೊಂದು ತಪ್ಪಿನ ಎದುರಿಗೂ ಅದು ಯಾವ ಬಗೆಯದೆಂದು ಒಂದು ಮಾತು ಬರೆಯಿರಿ: ಗೊತ್ತಿರಲಿಲ್ಲ, ಗೊತ್ತಿದ್ದೂ ಎಡವಿದೆ, ಪ್ರಶ್ನೆ ಅರ್ಥವಾಗಲಿಲ್ಲ, ಹೊತ್ತು ಸಾಲಲಿಲ್ಲ. ಒಂದು ಸಂಜೆಯ ಕೆಲಸ. ಅದನ್ನು ಅಧ್ಯಾಪಕರಿಗೆ ತೋರಿಸಿ. ಆ ಮೇಲೆ ಪತ್ರಿಕೆಯನ್ನು ಹರಿದು ಒಲೆಗೆ ಹಾಕಿದರೂ ನಮ್ಮ ಆಕ್ಷೇಪವಿಲ್ಲ. ಪಟ್ಟಿಯನ್ನು ಮಾತ್ರ ಇಟ್ಟುಕೊಳ್ಳಿ.

ಕೊಳವೆಬಾವಿಗಳು ಹೆಚ್ಚಿದ ಮೇಲೆ ಸುರಂಗಗಳ ಸುದ್ದಿ ಕಡಿಮೆಯಾಗಿದೆ. ಕೊರೆಯಬಲ್ಲವರ ಸಂಖ್ಯೆಯೂ ಇಳಿದಿದೆ. ಬೇಸಗೆಯ ರಜೆಯಲ್ಲಿ ನಿಮ್ಮ ಊರಿನ ಸುರಂಗವೊಂದನ್ನು ನೋಡಲು ಹೋಗುವುದಾದರೆ ಹಿರಿಯರೊಬ್ಬರ ಜತೆಯಲ್ಲೇ ಹೋಗಿ. ಒಳಗೆ ಹಾವು, ಬಾವಲಿಗಳಿರುತ್ತವೆ, ಗಾಳಿ ಸಾಲದೆ ಬರುವುದೂ ಉಂಟು, ದೀಪವಿಲ್ಲದೆ ನುಗ್ಗಬಾರದು. ನೀರು ಬರುವ ಸುರಂಗವನ್ನು ಯಾರಾದರೂ ಸಂತೋಷದಿಂದ ತೋರಿಸುತ್ತಾರೆ. ಅದನ್ನು ನೋಡಿ ಮುಗಿದ ಮೇಲೆ, ಇದಕ್ಕೆ ಮೊದಲು ಕೊರೆದದ್ದು ಯಾವುದು, ಎಲ್ಲಿದೆ, ಅದನ್ನು ಏಕೆ ಬಿಟ್ಟಿರಿ ಎಂದು ಕೇಳಿ. ಅವರು ಗುಡ್ಡದ ಒಂದು ಪೊದೆಯ ಕಡೆಗೆ ಕೈ ತೋರಿಸಿ, ಎಷ್ಟು ಕೋಲಿಗೆ ಏನು ಸಿಕ್ಕಿತೆಂದು ಒಂದೊಂದಾಗಿ ಹೇಳುವರು.